ಆಕ್ಸಲ್ ಶಾಫ್ಟ್‌ಗೆ ಯಾವ ಉಕ್ಕು, ಎಷ್ಟು ದಪ್ಪ, ಎಂಥ ಹದ? ಆರಿಸುವವರಿಗೊಂದು ಹೋಲಿಕೆ

ಆಕ್ಸಲ್ ಶಾಫ್ಟ್ ಮುರಿದು ಎರಡು ತುಂಡಾಗಿ ಕೈಗೆ ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಇದಕ್ಕಿಂತ ಗಟ್ಟಿ ಉಕ್ಕು ಯಾವುದಿದೆ?’ ನಾನೂ ಮೊದಲು ಹಾಗೇ ಕೇಳುತ್ತಿದ್ದೆ. ಹತ್ತಾರು ಶಾಫ್ಟ್‌ಗಳ ಡ್ರಾಯಿಂಗ್ ಮಾಡಿ, ಅದರಲ್ಲಿ ಕೆಲವು ಮುರಿದು ವಾಪಸ್ ಬಂದ ಮೇಲೆ ಆ ಪ್ರಶ್ನೆಯನ್ನು ಈಗ ಕೊನೆಗೆ ಇಟ್ಟಿದ್ದೇನೆ. ಉಕ್ಕಿನ ಹೆಸರು ಹೇಳುವ ಮೊದಲು ಬೇರೆ ಮಾತಿದೆ. ಎಷ್ಟು ಟಾರ್ಕ್ (ತಿರುಗಿಸುವ ಬಲ) ಬರುತ್ತದೆ, ಎಷ್ಟು ಸಲ ಬರುತ್ತದೆ, ಮುರಿಯಲೇಬೇಕು ಅಂತಾದರೆ ಎಲ್ಲಿ ಮುರಿದರೆ ಒಳ್ಳೆಯದು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಡಿಫರೆನ್ಶಿಯಲ್‌ನಿಂದ (ಎಡ–ಬಲ ಚಕ್ರಗಳಿಗೆ ಟಾರ್ಕ್ ಹಂಚುವ ಗೇರ್‌ಗಳ ಜೋಡಣೆ) ಚಕ್ರಕ್ಕೆ ಹೋಗುವ ಶಾಫ್ಟ್ ಬಗ್ಗೆ. ಗೇರ್‌ಬಾಕ್ಸ್‌ನಿಂದ ಡಿಫರೆನ್ಶಿಯಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮತ್ತು ಜಾಯಿಂಟ್‌ಗಳ ಮಾತು ಆಮೇಲೆ ಬರುತ್ತದೆ. ಜನ ಸಾಮಾನ್ಯವಾಗಿ ತೊಳಲಾಡುವುದು ನಾಲ್ಕು ಆಯ್ಕೆಗಳ ನಡುವೆ. ಸಾಧಾರಣ ಮೀಡಿಯಂ ಕಾರ್ಬನ್ ಉಕ್ಕು ತಗೊಂಡು ಇಂಡಕ್ಷನ್ ಹಾರ್ಡನಿಂಗ್ ಮಾಡಿಸುವುದು ಒಂದು. 4140 ಅಥವಾ 4340 ಅಲಾಯ್ ಉಕ್ಕನ್ನು ಹೊರಗಿನಿಂದ ಒಳಗಿನವರೆಗೂ ಹದ ಮಾಡಿಸುವುದು (ಕಾಯಿಸಿ ತಣಿಸಿ ಗಟ್ಟಿ ಮಾಡುವುದು) ಇನ್ನೊಂದು. ರೇಸಿನವರು ಇಷ್ಟಪಡುವ 300ಎಂ ಉಕ್ಕು ಮೂರನೆಯದು. ದಪ್ಪ ಹೆಚ್ಚಿಸಿ ಒಳಗೆ ಟೊಳ್ಳು ಮಾಡುವುದು ನಾಲ್ಕನೆಯದು.

ನಿಜವಾಗಿ ಬರುವ ಟಾರ್ಕ್ ಎಷ್ಟು?

ಎಂಜಿನ್ 200 ನ್ಯೂಟನ್ ಮೀಟರ್ ಕೊಡುತ್ತದೆ ಅಂದುಕೊಳ್ಳಿ. ಫಸ್ಟ್ ಗೇರ್‌ನ ಅನುಪಾತ 3.5, ಫೈನಲ್ ಡ್ರೈವ್‌ನದು (ಡಿಫರೆನ್ಶಿಯಲ್ ಬಳಿಯ ಕೊನೆಯ ಗೇರ್ ಜೋಡಿ) 4. ಗುಣಿಸಿದರೆ ಆಕ್ಸಲ್‌ಗೆ 2,800. ಸಾಮಾನ್ಯ ಓಪನ್ ಡಿಫರೆನ್ಶಿಯಲ್ ಇದ್ದರೆ ಇದು ಸಮವಾಗಿ ಹಂಚಿಹೋಗಿ ಒಂದೊಂದು ಶಾಫ್ಟ್‌ಗೆ 1,400. ಡಿಫರೆನ್ಶಿಯಲ್ ಲಾಕ್ ಮಾಡಿದರೆ ಲೆಕ್ಕವೇ ಬೇರೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಪೂರ್ತಿ 2,800 ಇನ್ನೊಂದು ಶಾಫ್ಟ್ ಮೇಲೇ ಬೀಳುತ್ತದೆ.

ಆದರೆ ಟೈರ್ ಕೂಡ ಒಂದು ಮಿತಿ ಹಾಕುತ್ತದೆ. ಚಕ್ರದ ಮೇಲೆ 400 ಕೆಜಿ ಭಾರ, 0.3 ಮೀಟರ್ ತ್ರಿಜ್ಯ, ಒಣ ಡಾಂಬರಿನ ಮೇಲೆ ಘರ್ಷಣೆ ಸುಮಾರು 1 ಅಂತ ಹಿಡಿದರೆ 1,180 ನ್ಯೂಟನ್ ಮೀಟರ್ ಹತ್ತಿರ ಟೈರ್ ಜಾರಲು ಶುರು ಮಾಡುತ್ತದೆ. ಅಂದರೆ ಎಂಜಿನ್ 1,400 ಕೊಡಲು ಸಿದ್ಧವಿದ್ದರೂ ಟೈರ್ ಅದನ್ನು ತಗೊಳ್ಳುವುದಿಲ್ಲ. ಟೈರೇ ಒಂದು ಫ್ಯೂಸ್ ಇದ್ದ ಹಾಗೆ. ಅಂಟುವ ರೇಸ್ ಟೈರ್ ಹಾಕಿ ಘರ್ಷಣೆ 1.5 ಆದರೆ ಫ್ಯೂಸ್ ಹಾರುವುದು 1,770ಕ್ಕೆ. ಎಂಜಿನ್ ಮುಟ್ಟದೆ ಬರೀ ಟೈರ್ ಬದಲಿಸಿದವರ ಶಾಫ್ಟ್ ಮುರಿಯುವುದು ಈ ಕಾರಣಕ್ಕೇ.

ಕಲ್ಲುಬಂಡೆ ಹತ್ತುವ ಗಾಡಿಯಲ್ಲಿ ಈ ಫ್ಯೂಸ್ ಇರುವುದೇ ಇಲ್ಲ. ಎರಡು ಕಲ್ಲಿನ ಮಧ್ಯೆ ಚಕ್ರ ಸಿಕ್ಕಿಕೊಂಡರೆ ಅದು ಜಾರುವ ಪ್ರಶ್ನೆಯೇ ಇಲ್ಲ. ಮೇಲಿನ ಲೆಕ್ಕಕ್ಕೆ ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಟಾರ್ಕ್ ಹಂಚುವ ಪೆಟ್ಟಿಗೆ) 2.5ರ ಲೋ ರೇಂಜ್ ಸೇರಿಸಿ: ಆಕ್ಸಲ್‌ಗೆ 7,000.

ಇದರ ಮೇಲೆ ಏಟಿನ ಲೆಕ್ಕ ಬೇರೆ. ಕ್ಲಚ್ ಪೆಡಲ್‌ನಿಂದ ಕಾಲು ದಿಢೀರನೆ ಎತ್ತಿದರೆ ಶಾಫ್ಟ್ ಒಂದು ಸ್ಪ್ರಿಂಗ್‌ನಂತೆ ತಿರುಚಿ, ಮಿತಿ ದಾಟಿ, ವಾಪಸ್ ಬರುತ್ತದೆ. ನಿಧಾನವಾಗಿ ಕೊಟ್ಟ ಟಾರ್ಕ್‌ಗೂ ಒಮ್ಮೆಲೇ ಕೊಟ್ಟ ಅದೇ ಟಾರ್ಕ್‌ಗೂ ಪುಸ್ತಕದ ಲೆಕ್ಕದಲ್ಲಿ ಎರಡು ಪಟ್ಟು ವ್ಯತ್ಯಾಸ. ಎಂಜಿನ್ನಿನ ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿಯೂ ಬಂದು ಸೇರಿದರೆ ಇನ್ನೂ ಜಾಸ್ತಿ. ನಾನು ಡಿಸೈನ್ ಮಾಡುವಾಗ ಎಂಜಿನ್ ಕೊಡುವ ಲೆಕ್ಕ, ಟೈರ್ ಬಿಡುವ ಲೆಕ್ಕ ಎರಡನ್ನೂ ಬರೆದು, ಚಿಕ್ಕದನ್ನು ಆರಿಸಿ, ಅದನ್ನು ಎರಡರಿಂದ ಗುಣಿಸಿ ಹೊರಡುತ್ತೇನೆ. ಚಕ್ರ ಸಿಕ್ಕಿಕೊಳ್ಳುವ ಗಾಡಿಗೆ ಮಾತ್ರ ಟೈರ್ ಲೆಕ್ಕವನ್ನು ಪಕ್ಕಕ್ಕಿಡಬೇಕು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಬಲ ಮತ್ತು ಬಿಗಿತ ಎರಡೂ ಒಂದೇ ಅಲ್ಲ. ಇಲ್ಲಿ ಎಡವುವವರೇ ಹೆಚ್ಚು. ಎಷ್ಟು ಟಾರ್ಕ್‌ಗೆ ಶಾಫ್ಟ್ ಶಾಶ್ವತವಾಗಿ ತಿರುಚಿಹೋಗುತ್ತದೆ ಅನ್ನುವುದು ಬಲ. ಅದಕ್ಕಿಂತ ಕಡಿಮೆ ಟಾರ್ಕ್‌ನಲ್ಲಿ ಎಷ್ಟು ಡಿಗ್ರಿ ತಿರುಚಿ ವಾಪಸ್ ಬರುತ್ತದೆ ಅನ್ನುವುದು ಬಿಗಿತ. ಬಲ ಉಕ್ಕಿನ ಜಾತಿ ಮತ್ತು ಹದದ ಮೇಲೆ ಬದಲಾಗುತ್ತದೆ. ಬಿಗಿತ ಬದಲಾಗುವುದಿಲ್ಲ! ಅಗ್ಗದ ಉಕ್ಕಾಗಲಿ, ವಿಮಾನದ ಉಕ್ಕಾಗಲಿ, ಶಿಯರ್ ಮಾಡ್ಯುಲಸ್ (ತಿರುಚುವಾಗ ಉಕ್ಕು ತೋರುವ ಬಿಗಿತದ ಅಳತೆ) ಸುಮಾರು 80 ಗಿಗಾಪಾಸ್ಕಲ್. ಬಿಗಿತ ಬೇಕಿದ್ದರೆ ದಪ್ಪ ಹೆಚ್ಚಿಸಬೇಕು ಅಥವಾ ಉದ್ದ ಕಡಿಮೆ ಮಾಡಬೇಕು, ಅಷ್ಟೇ.

ದಪ್ಪ ಏನು ಮಾಡುತ್ತದೆ ನೋಡಿ. 1,400 ನ್ಯೂಟನ್ ಮೀಟರ್‌ಗೆ 25 ಮಿಲಿಮೀಟರ್ ಶಾಫ್ಟ್‌ನ ಮೇಲ್ಮೈಯಲ್ಲಿ ಹುಟ್ಟುವ ಒತ್ತಡ ಸುಮಾರು 456 ಮೆಗಾಪಾಸ್ಕಲ್. 28 ಮಾಡಿದರೆ 325. 30 ಮಾಡಿದರೆ 264. ಐದೇ ಐದು ಮಿಲಿಮೀಟರ್‌ಗೆ ಒತ್ತಡ 40 ಶೇಕಡಾಕ್ಕಿಂತ ಹೆಚ್ಚು ಇಳಿಯಿತು. 600 ಮಿಲಿಮೀಟರ್ ಉದ್ದದ ಶಾಫ್ಟ್ ಆದರೆ ತಿರುಚುವ ಕೋನವೂ 16 ಡಿಗ್ರಿಯಿಂದ 8ಕ್ಕಿಂತ ಕೆಳಗೆ ಬರುತ್ತದೆ. ಬಲ ದಪ್ಪದ ಘನದಂತೆ, ಬಿಗಿತ ನಾಲ್ಕನೇ ಘಾತದಂತೆ ಏರುತ್ತದೆ. ದುಬಾರಿ ಉಕ್ಕು ಹುಡುಕುವ ಮೊದಲು ಕೇಳಿ: ಜಾಗ ಇದ್ದರೆ ಮೂರು ಮಿಲಿಮೀಟರ್ ಹೆಚ್ಚಿಸಲು ಆಗಲ್ವಾ?

ಎರಡನೆಯದು, ಒಂದೇ ಏಟೋ, ಲಕ್ಷ ಸಲದ ದಣಿವೋ. ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದಲ್ಲೇ ರೈಲಿನ ಆಕ್ಸಲ್‌ಗಳ ಮೇಲೆ ಇದನ್ನು ತೋರಿಸಿದ. ಒಂದು ಸಲಕ್ಕೆ ಏನೂ ಮಾಡದ ಭಾರ, ಲಕ್ಷಾಂತರ ಸಲ ಮರುಕಳಿಸಿದರೆ ಮುರಿಯುತ್ತದೆ. ದಿನಾ ಓಡುವ ಗಾಡಿಗೆ ದಣಿವೇ ಶತ್ರು. ವಾರಕ್ಕೊಮ್ಮೆ ನಾಲ್ಕು ಲಾಂಚ್ (ನಿಂತಲ್ಲಿಂದ ಪೂರ್ತಿ ಜೋರಾಗಿ ಹೊರಡುವುದು) ಮಾಡುವ ಡ್ರ್ಯಾಗ್ ರೇಸ್ ಗಾಡಿಗೆ ಏಟೇ ಶತ್ರು.

ಮೂರನೆಯದು, ಎಲ್ಲಿ ಮುರಿಯಬೇಕು? ಎಂಜಿನ್‌ನಿಂದ ಚಕ್ರದವರೆಗಿನ ಸಾಲಿನಲ್ಲಿ ಯಾವುದೋ ಒಂದು ಕೊಂಡಿ ಎಲ್ಲಕ್ಕಿಂತ ದುರ್ಬಲ ಆಗಿಯೇ ಇರುತ್ತದೆ. ಶಾಫ್ಟ್ ಅನ್ನು ಅತಿಯಾಗಿ ಗಟ್ಟಿ ಮಾಡಿದರೆ ಮುರಿಯುವ ಸರದಿ ಡಿಫರೆನ್ಶಿಯಲ್ ಗೇರ್‌ಗೆ ಬರುತ್ತದೆ. ಶಾಫ್ಟ್ ಬಿಚ್ಚಲು ಒಂದು ಗಂಟೆ ಸಾಕು. ಗೇರ್ ಹಲ್ಲು ಚೂರಾಗಿ ಹೌಸಿಂಗ್ ಒಳಗೆ ತಿರುಗಿದರೆ ಆ ದಿನದ ಕಥೆ ಮುಗಿಯಿತು. ಶಾಫ್ಟೇ ಫ್ಯೂಸ್ ಆಗಿರಲಿ ಅನ್ನುವುದು ನನ್ನ ಪಕ್ಷಪಾತ.

ನಾಲ್ಕನೆಯದು ತಯಾರಿ. ಎಷ್ಟು ಬೇಕು, ಎರಡೋ ಎರಡು ಸಾವಿರವೋ? ಹದ ಮಾಡುವವರ ಕುಲುಮೆ ನಿಮ್ಮ ಕೈಗೆಟಕುತ್ತದೆಯೇ? ಬಜೆಟ್ ತೀರ್ಮಾನವಾಗುವುದು ಉಕ್ಕಿನ ಬೆಲೆಯಿಂದಲ್ಲ, ಬಹುಮಟ್ಟಿಗೆ ಇದರಿಂದ.

ಇಂಡಕ್ಷನ್ ಹಾರ್ಡನಿಂಗ್: ಕಾರ್ಖಾನೆಯ ಆಯ್ಕೆ

ರಸ್ತೆಯ ಮೇಲಿರುವ ಹೆಚ್ಚಿನ ಕಾರುಗಳ ಶಾಫ್ಟ್‌ಗಳು ಈ ಜಾತಿಯವು. 0.4ರಿಂದ 0.5 ಶೇಕಡಾ ಕಾರ್ಬನ್ ಇರುವ ಸಾದಾ ಉಕ್ಕು. ಸುತ್ತ ತಾಮ್ರದ ಕಾಯಿಲ್ ಇಟ್ಟು ಕರೆಂಟ್ ಹರಿಸಿದರೆ ಮೇಲ್ಪದರ ಮಾತ್ರ ಕ್ಷಣದಲ್ಲಿ ಕೆಂಪಾಗುತ್ತದೆ. ತಕ್ಷಣ ನೀರು ಚಿಮ್ಮಿಸಿ ತಣಿಸುತ್ತಾರೆ. ಮೇಲ್ಪದರ ರಾಕ್‌ವೆಲ್ ಸಿ (ಎಚ್‌ಆರ್‌ಸಿ) ಅಳತೆಯಲ್ಲಿ 55–60 ಗಟ್ಟಿಯಾಗುತ್ತದೆ, ಒಳಗಿನ ತಿರುಳು ಮೆತ್ತಗೇ ಉಳಿಯುತ್ತದೆ.

ಇದು ಅಗ್ಗದ ಉಪಾಯ ಅನ್ನಿಸಬಹುದು. ನಿಜಕ್ಕೂ ಬಹಳ ಜಾಣ ಉಪಾಯ. ತಿರುಚುವಾಗ ಒತ್ತಡ ಮೇಲ್ಮೈಯಲ್ಲೇ ಎಲ್ಲಕ್ಕಿಂತ ಜಾಸ್ತಿ, ನಡುವಿನಲ್ಲಿ ಸೊನ್ನೆ. ಬಲ ಎಲ್ಲಿ ಬೇಕೋ ಅಲ್ಲೇ ಕೊಟ್ಟ ಹಾಗಾಯಿತು. ಜೊತೆಗೆ ಗಟ್ಟಿಯಾದ ಪದರ ಹಿಗ್ಗಲು ನೋಡುತ್ತದೆ, ತಿರುಳು ಬಿಡುವುದಿಲ್ಲ. ಹಾಗಾಗಿ ಮೇಲ್ಮೈ ಯಾವಾಗಲೂ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ಒತ್ತಿ ಹಿಡಿದಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ದಣಿವಿನ ವಿಷಯದಲ್ಲಿ ಈ ಶಾಫ್ಟ್ ತನ್ನ ಬೆಲೆಯನ್ನು ಮೀರಿ ಬಾಳುತ್ತದೆ.

ತೊಡಕು ಪದರದ ಆಳದಲ್ಲಿದೆ. 25 ಮಿಲಿಮೀಟರ್ ಶಾಫ್ಟ್‌ಗೆ 3 ಮಿಲಿಮೀಟರ್ ಪದರ ಕೊಟ್ಟರೆ, ಪದರ ಮುಗಿಯುವ ಜಾಗದಲ್ಲೂ ಮೇಲ್ಮೈಯ ಮುಕ್ಕಾಲು ಭಾಗ ಒತ್ತಡ ಉಳಿದಿರುತ್ತದೆ. ಆ ಗಡಿಯಿಂದ ಒಳಗೆ ಮೆತ್ತಗಿನ ಉಕ್ಕು. ಬಿರುಕು ಅಲ್ಲೇ, ಕಣ್ಣಿಗೆ ಕಾಣದಂತೆ ಒಳಗಿನಿಂದ ಹುಟ್ಟುತ್ತದೆ. 6 ಮಿಲಿಮೀಟರ್ ಕೊಟ್ಟರೆ ಗಡಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಡ್ರಾಯಿಂಗ್‌ನಲ್ಲಿ ‘ಇಂಡಕ್ಷನ್ ಹಾರ್ಡನ್ಡ್, 55 ಎಚ್‌ಆರ್‌ಸಿ’ ಅಂತ ಮಾತ್ರ ಬರೆದು ಆಳ ಬರೆಯದಿದ್ದರೆ ಅರ್ಧ ಮಾತು ಹೇಳಿದಂತೆ. ಪದರ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಅನ್ನುವುದನ್ನೂ ಬರೆಯಬೇಕು. ಅದು ಸ್ಪ್ಲೈನ್ (ಜಾಯಿಂಟ್ ಒಳಗೆ ಕೂರಲು ಶಾಫ್ಟ್ ತುದಿಯಲ್ಲಿರುವ ಹಲ್ಲುಗಳು) ಬುಡದಲ್ಲೋ ದಪ್ಪ ಬದಲಾಗುವ ಮೆಟ್ಟಿಲಿನ ಮೂಲೆಯಲ್ಲೋ ನಿಂತುಹೋದರೆ, ಮೊದಲೇ ದುರ್ಬಲವಾದ ಜಾಗವನ್ನು ಇನ್ನೂ ಕೆಡಿಸಿದ ಹಾಗೆ. ಪದರ ಸ್ಪ್ಲೈನ್ ದಾಟಿ ಹೋಗಲಿ.

ಎರಡೇ ಶಾಫ್ಟ್ ಬೇಕಿರುವವರಿಗೆ ಇದು ಒಗ್ಗುವುದಿಲ್ಲ. ನಿಮ್ಮ ಆಕಾರಕ್ಕೆ ಕಾಯಿಲ್ ಹೊಂದಿಸಬೇಕು, ಒಂದೆರಡು ಶಾಫ್ಟ್ ಕತ್ತರಿಸಿ ಪದರ ನೋಡಬೇಕು. ನೂರಾರು ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

4140, 4340: ಒಂದೆರಡು ಮಾಡಿಸುವವರಿಗೆ

ಇವು ಕ್ರೋಮಿಯಂ–ಮಾಲಿಬ್ಡಿನಂ ಉಕ್ಕುಗಳು. 4340ಕ್ಕೆ ಸುಮಾರು 1.8 ಶೇಕಡಾ ನಿಕಲ್ ಕೂಡ ಇದೆ. ಹಳೆಯ ಬ್ರಿಟಿಷ್ ಹೆಸರಿನಲ್ಲಿ ಕೇಳುವುದಾದರೆ ಹತ್ತಿರದ ಜಾತಿಗಳು ಇಎನ್ 19 ಮತ್ತು ಇಎನ್ 24. ಪೂರ್ತಿ ಶಾಫ್ಟ್ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸಿ ಪೆಡಸುತನ ಇಳಿಸುತ್ತಾರೆ, ಇದೇ ಟೆಂಪರಿಂಗ್. ಸಾಮಾನ್ಯ ಕುಲುಮೆ ಸಾಕು. ಕಾಯಿಲ್ ಬೇಡ, ಪ್ರಯೋಗ ಬೇಡ.

ಇಲ್ಲಿ ಇಡೀ ಆಟ ಟೆಂಪರಿಂಗ್‌ನದು. 540 ಡಿಗ್ರಿ ಆಸುಪಾಸಿನಲ್ಲಿ ಟೆಂಪರ್ ಮಾಡಿದ 4340 ಸುಮಾರು 1,000–1,100 ಮೆಗಾಪಾಸ್ಕಲ್ ಎಳೆತ ತಡೆದು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ತಿರುಚುವಿಕೆಯಲ್ಲಿ ಇದರ ಶೇಕಡಾ 58ರಷ್ಟು, ಅಂದರೆ 600 ಆಸುಪಾಸು ಲೆಕ್ಕ ಹಿಡಿಯಬಹುದು. 25 ಮಿಲಿಮೀಟರ್ ಶಾಫ್ಟ್‌ನ 456ಕ್ಕೆ ಇದು ಸಾಲುತ್ತದೆ, ಆದರೆ ಏಟಿನ ಎರಡು ಪಟ್ಟಿಗೆ ಸಾಲದು. 30ಕ್ಕೆ ಹೋದರೆ ಎರಡು ಪಟ್ಟು ಏಟಿಗೂ ಸಾಲುತ್ತದೆ. ಟೆಂಪರ್ ಶಾಖ ಇಳಿಸಿ ಇನ್ನಷ್ಟು ಗಟ್ಟಿ ಮಾಡೋಣ ಅನ್ನುವವರಿಗೆ ಒಂದು ಎಚ್ಚರಿಕೆ: ಸುಮಾರು 260ರಿಂದ 370 ಡಿಗ್ರಿ ನಡುವೆ ಟೆಂಪರ್ ಮಾಡಿದರೆ ಈ ಉಕ್ಕುಗಳು ಪೆಡಸಾಗುತ್ತವೆ. ಗಟ್ಟಿತನದ ಮೀಟರ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, ಏಟು ಬಿದ್ದಾಗ ಮಾತ್ರ ಗೊತ್ತಾಗುತ್ತದೆ.

4140ಓ 4340ಓ ಅಂತ ಕೇಳುವವರಿಗೆ ನನ್ನ ಉತ್ತರ ಸಣ್ಣದು. ನಿಕಲ್ ಕೊಡುವ ದೊಡ್ಡ ಲಾಭ ದಪ್ಪ ತುಂಡಿನ ನಡುಭಾಗವೂ ಗಟ್ಟಿಯಾಗುವುದು. 25–30 ಮಿಲಿಮೀಟರ್ ಶಾಫ್ಟ್‌ನಲ್ಲಿ 4140 ಕೂಡ ಒಳಗಿನವರೆಗೂ ಸಾಕಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಕಾರಿಗೆ 4140 ಸಾಕು. ತುಂಬ ಚಳಿಯಲ್ಲಿ ಓಡುವ ಗಾಡಿ, ಪದೇ ಪದೇ ಏಟು ತಿನ್ನುವ ಗಾಡಿ, 50 ಮಿಲಿಮೀಟರ್ ದಾಟಿದ ಶಾಫ್ಟ್, ಇವಕ್ಕೆ 4340ಗೆ ದುಡ್ಡು ಕೊಡುವುದು ಸರಿ.

ಇದರ ಕೊರತೆಯೂ ಹೇಳಬೇಕು. ಒಳಗೂ ಹೊರಗೂ ಒಂದೇ ಗಟ್ಟಿತನ ಇರುವುದರಿಂದ ಇಂಡಕ್ಷನ್‌ನಲ್ಲಿ ಸಿಗುವ ಆ ‘ಒತ್ತಿ ಹಿಡಿದ ಮೇಲ್ಮೈ’ ಇಲ್ಲಿ ಸುಮ್ನೆ ಸಿಗುವುದಿಲ್ಲ. ಶಾಟ್ ಪೀನಿಂಗ್ ಮಾಡಿಸಿ, ಅಂದರೆ ಸಣ್ಣ ಉಕ್ಕಿನ ಗುಂಡುಗಳನ್ನು ಮೇಲ್ಮೈಗೆ ಬಡಿಸಿ, ಅದನ್ನು ತರಬೇಕು. ನೈಟ್ರೈಡಿಂಗ್ ಇನ್ನೊಂದು ದಾರಿ. 500–550 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ತೆಳ್ಳಗಿನ ಗಟ್ಟಿ ಪದರ ಬರುತ್ತದೆ, ಶಾಫ್ಟ್ ಸೊಟ್ಟಗಾಗುವುದಿಲ್ಲ. ನೀರಿಗೋ ಎಣ್ಣೆಗೋ ಅದ್ದಿ ತಣಿಸಿದ ಶಾಫ್ಟ್ ಮಾತ್ರ ಸ್ವಲ್ಪವಾದರೂ ಬಾಗಿಯೇ ಬರುತ್ತದೆ. ಪ್ರೆಸ್‌ನಲ್ಲಿ ಒತ್ತಿ ನೇರ ಮಾಡಿದರೆ ಒಳಗೆ ಕೆಟ್ಟ ಒತ್ತಡ ಉಳಿದುಬಿಡುತ್ತದೆ. ಅದಕ್ಕೇ ಮೊದಲೇ ಅರ್ಧ ಮಿಲಿಮೀಟರ್ ಜಾಸ್ತಿ ಬಿಟ್ಟು, ಹದ ಆದ ಮೇಲೆ ಗ್ರೈಂಡ್ ಮಾಡಿಸುವುದು ವಾಸಿ.

300ಎಂ: ಎಲ್ಲಕ್ಕಿಂತ ಬಲ, ಎಲ್ಲಕ್ಕಿಂತ ಮುನಿಸು

4340ಕ್ಕೆ ಸುಮಾರು 1.6 ಶೇಕಡಾ ಸಿಲಿಕಾನ್, ಚೂರು ವನೇಡಿಯಂ ಸೇರಿಸಿದರೆ 300ಎಂ. ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಹೆಸರಾದ ಉಕ್ಕು. ಪೆಡಸಾಗುವ ಆ ಶಾಖದ ವಲಯವನ್ನು ಸಿಲಿಕಾನ್ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ 300 ಡಿಗ್ರಿ ಹತ್ತಿರ ಟೆಂಪರ್ ಮಾಡಿದರೂ ಏಟು ತಡೆಯುತ್ತದೆ, ಎಳೆತದ ಬಲ 1,900 ಮೆಗಾಪಾಸ್ಕಲ್ ದಾಟುತ್ತದೆ.

ಇದರಿಂದ ಏನು ಲಾಭ? ಅದೇ 1,400 ನ್ಯೂಟನ್ ಮೀಟರ್ ಅನ್ನು 22 ಮಿಲಿಮೀಟರ್ ಶಾಫ್ಟ್‌ನಲ್ಲಿ ಸಾಗಿಸಬಹುದು. ಒತ್ತಡ 670 ಮೆಗಾಪಾಸ್ಕಲ್, ಉಕ್ಕಿನ ಮಿತಿ ಇನ್ನೂ ದೂರ. 25ಕ್ಕಿಂತ ತೂಕ 23 ಶೇಕಡಾ ಕಡಿಮೆ. ಆದರೆ 600 ಮಿಲಿಮೀಟರ್‌ಗೆ 26 ಡಿಗ್ರಿ ತಿರುಚುತ್ತದೆ! ಗಾಬರಿ ಬೇಡ, ಕೆಲವರಿಗೆ ಬೇಕಿರುವುದೇ ಅದು. ಶಾಫ್ಟ್ ಉದ್ದಕ್ಕೂ ಸ್ಪ್ರಿಂಗ್‌ನಂತೆ ತಿರುಚಿದರೆ ಲಾಂಚ್‌ನ ಏಟು ಮೆತ್ತಗಾಗುತ್ತದೆ, ಗೇರ್ ಹಲ್ಲು ಉಳಿಯುತ್ತದೆ. ಇನ್ನು ಕೆಲವರಿಗೆ ಇದು ತಲೆನೋವು. ಎಡ–ಬಲ ಶಾಫ್ಟ್‌ಗಳ ಉದ್ದ ಬೇರೆ ಬೇರೆ ಇದ್ದರೆ ಒಂದು ಜಾಸ್ತಿ, ಒಂದು ಕಮ್ಮಿ ತಿರುಚಿ, ಗಾಡಿ ಹೊರಡುವಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ.

300ಎಂ ಮುನಿಸಿಕೊಳ್ಳುವುದು ಗೀರಿಗೆ. ಮೆತ್ತಗಿನ ಉಕ್ಕಿನಲ್ಲಿ ಉಗುರು ಗೀರಿದಂಥ ಗುರುತು ಏನೂ ಮಾಡುವುದಿಲ್ಲ. ಇದರಲ್ಲಿ ಅದೇ ಬಿರುಕಿನ ಬೀಜ. ತುಕ್ಕಿನ ಚುಕ್ಕೆಯೂ ಅಷ್ಟೇ. ಹದ ಮಾಡುವಾಗ ಮೇಲ್ಮೈಯ ಕಾರ್ಬನ್ ಸುಟ್ಟುಹೋದರೆ ಮೇಲ್ಪದರವೇ ಮೆತ್ತಗಾಗುತ್ತದೆ. ತುಕ್ಕು ಬಾರದಿರಲಿ ಅಂತ ಎಲೆಕ್ಟ್ರೋಪ್ಲೇಟಿಂಗ್ ಮಾಡಿಸಿ, ಆಮೇಲೆ ಓವನ್‌ನಲ್ಲಿ ಸರಿಯಾಗಿ ಬೇಯಿಸದೆ ಇದ್ದರೆ ಹೈಡ್ರೋಜನ್ ಒಳಹೊಕ್ಕು, ನಿಲ್ಲಿಸಿದ ಗಾಡಿಯಲ್ಲೇ ಶಾಫ್ಟ್ ಸೀಳಬಹುದು. ಪ್ರತಿ ರೇಸ್ ಆದ ಮೇಲೆ ಒರೆಸಿ, ನೋಡಿ, ಎಣ್ಣೆ ಹಚ್ಚುವವರಿಗೆ ಇದು ಸರಿ. ಕೆಸರಿನಲ್ಲಿ ಓಡಿಸಿ ಹಾಗೇ ನಿಲ್ಲಿಸುವವರಿಗೆ ಖಂಡಿತ ಬೇಡ.

ಇಲ್ಲೇ ಟೈಟಾನಿಯಂ ಬಗ್ಗೆಯೂ ಒಂದು ಮಾತು, ಯಾಕೆಂದರೆ ಯಾರಾದರೂ ಕೇಳೇ ಕೇಳುತ್ತಾರೆ. ಹಗುರ, ನಿಜ. ಬಿಗಿತ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಸ್ಪ್ಲೈನ್ ಹಲ್ಲುಗಳು ಉಜ್ಜಿ ಉಜ್ಜಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಾನು ಮುಟ್ಟುವುದಿಲ್ಲ.

ಟೊಳ್ಳು ಶಾಫ್ಟ್: ಲೆಕ್ಕ ನೋಡಿದರೆ ಆಸೆಯಾಗುತ್ತದೆ

ನಡುಭಾಗದ ಉಕ್ಕು ಕೆಲಸವನ್ನೇ ಮಾಡುವುದಿಲ್ಲ ಅಂದಮೇಲೆ ತೆಗೆದುಬಿಟ್ಟರೇನು? 30 ಮಿಲಿಮೀಟರ್ ಶಾಫ್ಟ್‌ಗೆ 15 ಮಿಲಿಮೀಟರ್ ತೂತು ಕೊರೆದರೆ ತೂಕ ಕಾಲು ಭಾಗ ಕಡಿಮೆ. ಬಲ ಹೋಗುವುದು ಬರೀ 6 ಶೇಕಡಾ. 600 ಮಿಲಿಮೀಟರ್ ಉದ್ದಕ್ಕೆ 25ರ ಟೊಳ್ಳಿಲ್ಲದ ಶಾಫ್ಟ್ 2.3 ಕೆಜಿ, ಈ ಟೊಳ್ಳು ಶಾಫ್ಟ್ 2.5 ಕೆಜಿ. ತೂಕ ಹೆಚ್ಚುಕಡಿಮೆ ಅದೇ, ಬಿಗಿತ ಎರಡು ಪಟ್ಟಿನ ಹತ್ತಿರ, ಒತ್ತಡ 456ರಿಂದ 282ಕ್ಕೆ ಇಳಿಯಿತು. ಕಾಗದದ ಮೇಲೆ ಇದನ್ನು ಸೋಲಿಸುವವರಿಲ್ಲ.

ಕಾಗದದಿಂದ ಕೆಳಗಿಳಿದರೆ ತೊಂದರೆ ಶುರು. ಉದ್ದ ತೂತು ಕೊರೆಯುವಾಗ ಡ್ರಿಲ್ ಪಕ್ಕಕ್ಕೆ ಸರಿದು ಗೋಡೆ ಒಂದು ಕಡೆ ತೆಳ್ಳಗಾಗುತ್ತದೆ. ಇದಕ್ಕೆ ಗನ್ ಡ್ರಿಲ್ಲಿಂಗ್ ಇರುವ ವರ್ಕ್‌ಶಾಪೇ ಬೇಕು. ಒಳಗೆ ತೇವ ಸೇರಿದರೆ ತುಕ್ಕು ಕಾಣುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಜಾಯಿಂಟ್. 25ರ ಶಾಫ್ಟ್‌ಗೆ ಮಾಡಿದ ಜಾಯಿಂಟ್‌ನ ಒಳಗೆ 30ರ ಸ್ಪ್ಲೈನ್ ಹೋಗುವುದಿಲ್ಲ. ಜಾಯಿಂಟ್ ದೊಡ್ಡದು ಮಾಡಿದರೆ ಉಳಿಸಿದ ತೂಕ ಅಲ್ಲಿಗೆ ಹೋಯಿತು. ಹೊಸ ಗಾಡಿಯನ್ನೇ ಕಾಗದದಿಂದ ಶುರು ಮಾಡುವವರಿಗೆ, ಅದರಲ್ಲೂ ಶಾಫ್ಟ್ ಉದ್ದ ಇದ್ದರೆ, ಟೊಳ್ಳು ಚೆನ್ನ. ಇರುವ ಗಾಡಿಗೆ ಬದಲಿ ಮಾಡುವವರು ಇದನ್ನು ಮರೆಯಬಹುದು.

ತುದಿಗಳೇ ಮುಖ್ಯ

ಇಷ್ಟೆಲ್ಲ ಉಕ್ಕಿನ ಮಾತಾಡಿದೆ. ಆದರೆ ನಾನು ಕಂಡ ಮುರಿದ ಶಾಫ್ಟ್‌ಗಳಲ್ಲಿ ನೆಟ್ಟಗೆ ನಡುವಿನಲ್ಲಿ ಮುರಿದದ್ದು ಬಹಳ ಕಡಿಮೆ. ಮುರಿಯುವುದು ಸ್ಪ್ಲೈನ್ ಮುಗಿಯುವ ಜಾಗದಲ್ಲಿ, ದಪ್ಪ ಬದಲಾಗುವ ಮೆಟ್ಟಿಲಿನಲ್ಲಿ, ಸರ್‌ಕ್ಲಿಪ್ (ಶಾಫ್ಟ್ ಜಾರದಂತೆ ಹಿಡಿಯುವ ಉಂಗುರ) ಕೂರುವ ತೋಡಿನಲ್ಲಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಜಾರದಿರಲಿ ಅಂತ ಶಾಫ್ಟ್ ಮೈಮೇಲೆ ಒಂದು ಸಣ್ಣ ತೋಡು ಬರೆದಿದ್ದೆ. ಒಂದು ಮಿಲಿಮೀಟರ್ ಆಳ. ಮೂಲೆಯ ತ್ರಿಜ್ಯ ಬರೆಯಲು ಮರೆತೆ. ಲೇತ್‌ನವನು ಚೂಪು ಟೂಲ್‌ನಿಂದ ಚೊಕ್ಕವಾಗಿ ಕೊರೆದುಕೊಟ್ಟ, ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ. ಒಳ್ಳೆಯ 4340, ಒಳ್ಳೆಯ ಹದ. ಕೆಲವೇ ದಿನಗಳಲ್ಲಿ ಸರಿಯಾಗಿ ಆ ಗೆರೆಯಿಂದಲೇ ಶುರುವಾಗಿ, ಚಾಕ್‌ಪೀಸ್ ತಿರುಚಿ ಮುರಿದ ಹಾಗೆ 45 ಡಿಗ್ರಿ ಓರೆಯಾಗಿ ಮುರಿದು ಬಂತು. ಮುರಿದ ಮುಖದಲ್ಲಿ ಕಡಲ ತೀರದ ಅಲೆಗಳ ಗುರುತಿನಂಥ ಗೆರೆಗಳು ದಣಿವಿನ ಸಾಕ್ಷಿಯಾಗಿದ್ದವು. ಈಗ ಬೂಟ್‌ಗೆ ತೋಡು ಕೊರೆಯುವುದಿಲ್ಲ, ಮೈಯಿಂದ ಚೂರು ಎತ್ತರದ ಉಬ್ಬು ಬಿಡುತ್ತೇನೆ.

ಯಾವ ಉಕ್ಕು ಆರಿಸಿದರೂ ಈ ಕೆಲಸ ಮಾಡಿ: ಶಾಫ್ಟ್ ಮೈಯನ್ನು ಸ್ಪ್ಲೈನ್ ಹಲ್ಲಿನ ಬುಡಕ್ಕಿಂತ ಸ್ವಲ್ಪ ತೆಳ್ಳಗೆ ಮಾಡಿ, ಎರಡರ ನಡುವೆ ದೊಡ್ಡ ತ್ರಿಜ್ಯದ ಇಳಿಜಾರು ಕೊಡಿ. ದಪ್ಪ ತೆಗೆದು ಗಟ್ಟಿ ಮಾಡುವುದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಮೈ ದಪ್ಪ ಇದ್ದರೆ ತಿರುಚುವಿಕೆ ಎಲ್ಲ ಸ್ಪ್ಲೈನ್ ಬುಡದಲ್ಲಿ ಗುಂಪುಗೂಡುತ್ತದೆ. ಮೈ ತೆಳ್ಳಗಿದ್ದರೆ ಉದ್ದಕ್ಕೂ ಹಂಚಿಹೋಗುತ್ತದೆ. ಸ್ಪ್ಲೈನ್ ಹಲ್ಲುಗಳನ್ನು ಕತ್ತರಿಸುವ ಬದಲು ರೋಲ್ ಮಾಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಬುಡ ನುಣುಪಾಗಿ, ಒತ್ತಿ ಹಿಡಿದ ಸ್ಥಿತಿಯಲ್ಲಿ ಬರುತ್ತದೆ. ಒಂದೆರಡು ಶಾಫ್ಟ್‌ಗೆ ಇದು ದುಬಾರಿ, ಆಗ ಕತ್ತರಿಸಿದ ಹಲ್ಲಿಗೆ ಶಾಟ್ ಪೀನಿಂಗ್ ಮಾಡಿಸಿ.

ಪ್ರೊಪೆಲ್ಲರ್ ಶಾಫ್ಟ್‌ನ ಚಿಂತೆ ಬೇರೆ

ಅದೇ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗೆ ಬರುವ ಟಾರ್ಕ್ 700 ಮಾತ್ರ, ಯಾಕೆಂದರೆ ಫೈನಲ್ ಡ್ರೈವ್‌ನ ನಾಲ್ಕು ಪಟ್ಟು ಆಮೇಲೆ ಬರುವುದು. ಆದರೆ ಅದು ಚಕ್ರಕ್ಕಿಂತ ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಇಲ್ಲಿ ಭಯ ಮುರಿಯುವುದಕ್ಕಿಂತ ಹೆಚ್ಚಾಗಿ, ಹಗ್ಗದಾಟದ ಹಗ್ಗದಂತೆ ನಡುವೆ ಉಬ್ಬಿ ಅಲ್ಲಾಡುವುದರದು.

75 ಮಿಲಿಮೀಟರ್ ಹೊರವ್ಯಾಸದ ತೆಳು ಉಕ್ಕಿನ ಕೊಳವೆ 1.5 ಮೀಟರ್ ಉದ್ದ ಇದ್ದರೆ ಈ ಅಪಾಯದ ವೇಗ ನಿಮಿಷಕ್ಕೆ ಸುಮಾರು 5,500 ಸುತ್ತು. 1.2 ಮೀಟರ್ ಆದರೆ ಸುಮಾರು 8,600. ಉದ್ದ ಅರ್ಧ ಮಾಡಿದರೆ ನಾಲ್ಕು ಪಟ್ಟು ಏರುತ್ತದೆ, ಅದಕ್ಕೇ ಉದ್ದ ಗಾಡಿಗಳಲ್ಲಿ ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇಡುತ್ತಾರೆ. ಲೆಕ್ಕದಲ್ಲಿ ಬಂದ ವೇಗದ ಮುಕ್ಕಾಲು ಭಾಗ ದಾಟದಂತೆ ನೋಡಿಕೊಳ್ಳುವುದು ಕ್ಷೇಮ.

ಅಲ್ಯೂಮಿನಿಯಂ ಹಾಕಿದರೆ ಈ ವೇಗ ಏರುತ್ತದೆ ಅನ್ನುವ ನಂಬಿಕೆ ಇದೆ. ಅದೇ ಅಳತೆಯ ಕೊಳವೆಯಲ್ಲಿ ಏರುವುದಿಲ್ಲ. ಅಲ್ಯೂಮಿನಿಯಂ ಮೂರು ಪಟ್ಟು ಹಗುರ, ಮೂರು ಪಟ್ಟು ಮೆದು, ಎರಡೂ ವಜಾ. ಅದೇ ತೂಕದಲ್ಲಿ ದೊಡ್ಡ ವ್ಯಾಸಕ್ಕೆ ಹೋಗಬಹುದು ಅನ್ನುವುದೇ ಲಾಭ. ಗಾಡಿಯ ಕೆಳಗೆ ಜಾಗ ಇದ್ದರೆ ಮಾತ್ರ. ಇನ್ನೊಂದು ವ್ಯತ್ಯಾಸ: ಉಕ್ಕಿಗೆ ‘ಇದಕ್ಕಿಂತ ಕೆಳಗೆ ಎಷ್ಟು ಸಲವಾದರೂ ಸರಿ’ ಅನ್ನುವ ದಣಿವಿನ ಮಿತಿ ಇದೆ, ಅಲ್ಯೂಮಿನಿಯಂಗೆ ಇಲ್ಲ. ಕಾರ್ಬನ್ ಫೈಬರ್ ನಿಜವಾಗಿ ಗೆಲ್ಲುವುದು ಇಲ್ಲಿ. ಎರಡು ತುಂಡಿನ ಜಾಗಕ್ಕೆ ಒಂದೇ ಉದ್ದ ಕೊಳವೆ, ನಡುವಿನ ಬೇರಿಂಗ್ ಬೇಡ. ಆದರೆ ಅದರ ಬಲವೆಲ್ಲ ತುದಿಯ ಲೋಹಕ್ಕೆ ಅಂಟಿಸಿದ ಜಾಗದಲ್ಲಿ ನಿಂತಿದೆ. ಸೈಲೆನ್ಸರ್ ಪೈಪಿನ ಬಿಸಿ, ಕೆಳಗಿನಿಂದ ಹಾರುವ ಕಲ್ಲು ಎರಡೂ ಅದಕ್ಕೆ ಆಗಿಬರುವುದಿಲ್ಲ. ಹೆಚ್ಚಿನವರಿಗೆ ಉಕ್ಕಿನ ಕೊಳವೆ, ಚೆನ್ನಾಗಿ ಬ್ಯಾಲೆನ್ಸ್ ಮಾಡಿದ್ದು, ಸಾಕು.

ಜಾಯಿಂಟ್ ಬಗ್ಗೆ ಚುಟುಕಾಗಿ. ಕ್ರಾಸ್ ಇರುವ ಯೂನಿವರ್ಸಲ್ ಜಾಯಿಂಟ್ ಗಟ್ಟಿ, ಅಗ್ಗ, ರಿಪೇರಿ ಸುಲಭ. ಆದರೆ ಕೋನ ಹೆಚ್ಚಿದಷ್ಟೂ ವೇಗ ಏರಿಳಿಯುತ್ತದೆ. 30 ಡಿಗ್ರಿಯಲ್ಲಿ ಒಂದೇ ಸುತ್ತಿನೊಳಗೆ 13 ಶೇಕಡಾ ನಿಧಾನ, 15 ಶೇಕಡಾ ಜೋರು. ಎರಡು ಜಾಯಿಂಟ್ ಒಂದೇ ಕೋನದಲ್ಲಿ, ಸರಿಯಾದ ಜೋಡಣೆಯಲ್ಲಿ ಇಟ್ಟರೆ ಇದು ವಜಾ ಆಗುತ್ತದೆ. ಸ್ಟೀರಿಂಗ್ ಜೊತೆ ತಿರುಗುವ ಮುಂದಿನ ಚಕ್ರಕ್ಕೆ ಆರು ಗುಂಡಿನ, ಕೋನ ಇದ್ದರೂ ವೇಗ ಏರಿಳಿಯದ ಸಿವಿ ಜಾಯಿಂಟೇ ಬೇಕು. ಡಿಫರೆನ್ಶಿಯಲ್ ಕಡೆಗೆ ಒಳಗೆ–ಹೊರಗೆ ಜಾರುವ ಟ್ರೈಪಾಡ್ ಜಾಯಿಂಟ್ ಒಳ್ಳೆಯದು. ಸಿವಿ ಜಾಯಿಂಟ್ ಸಾಯುವುದು ಟಾರ್ಕ್‌ನಿಂದಲ್ಲ, ಬಹುಪಾಲು ಹರಿದ ಬೂಟ್‌ನಿಂದ.

ಹಾಗಾದರೆ ಯಾರಿಗೆ ಯಾವುದು?

ದಿನಾ ಓಡುವ ಕಾರು, ಎಂಜಿನ್ ಸ್ವಲ್ಪ ಹೆಚ್ಚಿಸಿದ್ದೀರಿ ಅಂದರೆ ಇಂಡಕ್ಷನ್ ಹಾರ್ಡನಿಂಗ್ ಇರುವ ಮೂಲ ಶಾಫ್ಟ್ ತೆಗೆಯಲೇಬೇಡಿ. ಮೊದಲು ಟೈರ್ ಲೆಕ್ಕ ಹಾಕಿ. ಹೆಚ್ಚಿನ ಸಲ ಟೈರ್ ನಿಮ್ಮನ್ನು ಕಾಯುತ್ತಿರುತ್ತದೆ. ಅಗತ್ಯ ಬಿದ್ದರೆ ಅದೇ ಕುಟುಂಬದ ದೊಡ್ಡ ಗಾಡಿಯ ಶಾಫ್ಟ್ ಮತ್ತು ಜಾಯಿಂಟ್ ಜೊತೆಯಾಗಿ ಹಾಕುವುದು, ಹೊಸದು ಮಾಡಿಸುವುದಕ್ಕಿಂತ ಅಗ್ಗ.

ಕಾಲೇಜಿನ ತಂಡ ಕಟ್ಟುವ ಒಂದೇ ಗಾಡಿಗೆ 4140 ಹದ ಮಾಡಿಸಿ, ಮೈ ತೆಳ್ಳಗೆ ಮಾಡಿ, ಶಾಟ್ ಪೀನಿಂಗ್ ಮಾಡಿಸಿ. ಮಿಕ್ಕ ದುಡ್ಡಿಗೆ ಎರಡು ಶಾಫ್ಟ್ ಜಾಸ್ತಿ ಮಾಡಿಟ್ಟುಕೊಳ್ಳಿ. 300ಎಂ ಒಂದರ ದುಡ್ಡಿಗಿಂತ ಸ್ಪೇರ್ ಶಾಫ್ಟ್ ನಿಮ್ಮನ್ನು ಓಟದಲ್ಲಿ ಉಳಿಸುತ್ತದೆ. ಹದಕ್ಕೆ ಕಳಿಸುವಾಗ ಅದೇ ಬಾರ್‌ನಿಂದ ಕತ್ತರಿಸಿದ ಒಂದು ಸಣ್ಣ ತುಂಡನ್ನೂ ಜೊತೆಗೆ ಕಳಿಸಿ, ಆಮೇಲೆ ಅದನ್ನು ಕೊಯ್ದು ಗಟ್ಟಿತನ ನೋಡಬಹುದು.

ಬಂಡೆ ಹತ್ತುವವರು ಜಾಗ ಇದ್ದಷ್ಟು ದಪ್ಪ ಮಾಡಿ 4340 ಹಾಕಿ. ಇಲ್ಲಿ ತೂಕದ ಚಿಂತೆ ಬೇಡ. ಆದರೆ ಡಿಫರೆನ್ಶಿಯಲ್‌ನ ರಿಂಗ್ ಗೇರ್‌ಗಿಂತ ಶಾಫ್ಟ್ ಗಟ್ಟಿಯಾಯಿತೇ ಅಂತ ಒಮ್ಮೆ ನೋಡಿಕೊಳ್ಳಿ. ಡ್ರ್ಯಾಗ್ ಗಾಡಿಯವರಿಗೆ, ದುಡ್ಡೂ ತಾಳ್ಮೆಯೂ ಇದ್ದರೆ, 300ಎಂ ತನ್ನ ಬೆಲೆ ತೀರಿಸುತ್ತದೆ.

ಎಲೆಕ್ಟ್ರಿಕ್ ಮೋಟಾರ್ ಕೂರಿಸುವವರು ಒಂದು ವಿಷಯ ಗಮನಿಸಿ. ಪೆಟ್ರೋಲ್ ಗಾಡಿಯಲ್ಲಿ ಶಾಫ್ಟ್ ಹೆಚ್ಚಾಗಿ ಒಂದೇ ದಿಕ್ಕಿಗೆ ತಿರುಚುತ್ತದೆ. ಎಲೆಕ್ಟ್ರಿಕ್‌ನಲ್ಲಿ ಕಾಲೆತ್ತಿದಾಗಲೆಲ್ಲ ಮೋಟಾರ್ ಬ್ಯಾಟರಿ ತುಂಬಿಸುತ್ತಾ ಹಿಂದಕ್ಕೆ ಎಳೆಯುತ್ತದೆ. ಎರಡೂ ದಿಕ್ಕಿಗೆ ತಿರುಚಿದರೆ ದಣಿವು ಬಹಳ ಬೇಗ. ಇಲ್ಲಿ ಇಂಡಕ್ಷನ್ ಹಾರ್ಡನಿಂಗ್‌ನ ಒತ್ತಿ ಹಿಡಿದ ಮೇಲ್ಮೈಗೆ ನನ್ನ ಮತ. ಕೆಲವು ರೇಸ್ ಶಾಫ್ಟ್‌ಗಳನ್ನು ಮೊದಲೇ ಒಂದು ದಿಕ್ಕಿಗೆ ಮಿತಿ ಮೀರಿ ತಿರುಚಿ ಹದಗೊಳಿಸಿರುತ್ತಾರೆ. ಅವು ಆ ದಿಕ್ಕಿಗೆ ಮಾತ್ರ ಬಲಶಾಲಿ. ಅಂಥವನ್ನು ಎಲೆಕ್ಟ್ರಿಕ್‌ಗೆ ಹಾಕಬೇಡಿ, ಎಡದ್ದನ್ನು ಬಲಕ್ಕೂ ಹಾಕಬೇಡಿ.

ಯಾವುದನ್ನೇ ಹಾಕಿ, ಕೂರಿಸುವ ಮೊದಲು ಶಾಫ್ಟ್ ಉದ್ದಕ್ಕೂ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಆಗಾಗ ಗಾಡಿ ಎತ್ತಿದಾಗ ಟಾರ್ಚ್ ಬಿಟ್ಟು ನೋಡಿ. ಗೆರೆ ನೇರ ಇದ್ದರೆ ಹಾಗೇ ಓಡಿಸಿ. ಗೆರೆ ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಶಾಫ್ಟ್ ಆಗಲೇ ಮಿತಿ ದಾಟಿ ತಿರುಚಿದೆ. ಅವತ್ತೇ ಬಿಚ್ಚಿ.